ಸೋರಿಹೋದ ಗುಟ್ಟು: ಕಾಪಾಡಿಕೊಳ್ಳುವ ಬಗೆ, ಪರಿಹಾರ ಕೇಳುವ ಹಾದಿ

ಹೊತ್ತು ಮೀರಿದ ಮೇಲೆ ಎಚ್ಚರಗೊಳ್ಳುವವರನ್ನು ಕುರಿತು, 'ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು' ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಇಂದು ನಮ್ಮ ಮನೆಗಳಿಗೆ ಎದುರಾಗಿರುವ ಒಂದು ಹೊಸ ಬಗೆಯ ಕಳವಿನಲ್ಲಿ ಈ ಗಾದೆ ಅರ್ಧ ಮಾತ್ರ ಸಲ್ಲುತ್ತದೆ. ಹಣವೋ ಒಡವೆಯೋ ಕಳವಾದರೆ ನಷ್ಟವು ಅಂದಿಗೇ ಮುಗಿಯಿತು. ಆದರೆ ನಮ್ಮ ಹೆಸರು, ಜನ್ಮದಿನಾಂಕ, ದೂರವಾಣಿ ಸಂಖ್ಯೆ, ಆಧಾರ್ ಸಂಖ್ಯೆ, ಬ್ಯಾಂಕಿನ ವಿವರ, ಆಸ್ಪತ್ರೆಯ ವರದಿ ಮೊದಲಾದವು ಯಾವುದೋ ಸಂಸ್ಥೆಯ ಗಣಕಯಂತ್ರದಿಂದ ಸೋರಿಹೋದಾಗ ಆ ದಿನ ನಮಗೆ ಏನೂ ಆಗಿರುವುದಿಲ್ಲ. ಕದ್ದವನು ಅದನ್ನು ಮಾರುತ್ತಾನೆ. ಕೊಂಡವನು ತಿಂಗಳು ಕಳೆದೋ ವರ್ಷ ಕಳೆದೋ ಅದನ್ನು ಹಿಡಿದುಕೊಂಡು ನಮ್ಮ ಬಾಗಿಲಿಗೆ ಬರುತ್ತಾನೆ. ಆದುದರಿಂದ ಕೊಳ್ಳೆಯಾದ ಬಳಿಕವೂ ದಿಡ್ಡಿ ಬಾಗಿಲು ಹಾಕುವುದರಲ್ಲಿ ಅರ್ಥವಿದೆ. ಅದನ್ನು ಹಾಕುವ ಬಗೆಯನ್ನೂ, ನಷ್ಟವಾದರೆ ಪರಿಹಾರ ಕೇಳುವ ಹಾದಿಯನ್ನೂ ನಮ್ಮ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಇದು ಎಲ್ಲೋ ದೂರದ ದೇಶದ ಮಾತಲ್ಲ. 2020ರಲ್ಲಿ ಬೆಂಗಳೂರಿನ ಬಿಗ್‌ಬ್ಯಾಸ್ಕೆಟ್ ಎಂಬ ದಿನಸಿ ವ್ಯಾಪಾರ ಸಂಸ್ಥೆಯ ಸುಮಾರು ಎರಡು ಕೋಟಿ ಗ್ರಾಹಕರ ವಿವರಗಳು ಸೋರಿದ ಸುದ್ದಿ ಬಂತು. 2021ರಲ್ಲಿ ಏರ್ ಇಂಡಿಯಾ ಸಂಸ್ಥೆಯು, ಜಗತ್ತಿನಾದ್ಯಂತ ಸುಮಾರು 45 ಲಕ್ಷ ಪ್ರಯಾಣಿಕರ ವಿವರಗಳು ಪರರ ಪಾಲಾದುವೆಂದು ಪ್ರಕಟಿಸಿತು. ಅವುಗಳಲ್ಲಿ ಪಾಸ್‌ಪೋರ್ಟಿನ ವಿವರಗಳೂ ಇದ್ದುವು. 2024ರಲ್ಲಿ ಚೆನ್ನೈಯ ಸ್ಟಾರ್ ಹೆಲ್ತ್ ವಿಮಾ ಸಂಸ್ಥೆಯ ಗ್ರಾಹಕರ ವಿಳಾಸ, ಗುರುತಿನ ಚೀಟಿಯ ಪ್ರತಿ, ರೋಗಪರೀಕ್ಷೆಯ ಫಲಿತಾಂಶಗಳು ಸಹ ಟೆಲಿಗ್ರಾಂ ಎಂಬ ಸಂದೇಶ ಜಾಲದಲ್ಲಿ ಕೇಳಿದವರಿಗೆ ದೊರೆಯತೊಡಗಿದುವು. ಮೂರು ಕೋಟಿಗೂ ಹೆಚ್ಚು ಮಂದಿಯ ವಿವರಗಳು ತನ್ನಲ್ಲಿವೆಯೆಂದು ಕದ್ದವನು ಹೇಳಿಕೊಂಡನು. ಸಂಸ್ಥೆಯು ಮದರಾಸು ಹೈಕೋರ್ಟಿನ ಮೊರೆಹೊಕ್ಕಿತು.

ಗಡಿನಾಡಿನ ತೊಡಕು

ಈ ವಿಷಯದಲ್ಲಿ ಗಡಿನಾಡಿನ ಕನ್ನಡಿಗರ ಸ್ಥಿತಿ ಇತರರಿಗಿಂತ ತುಸು ತೊಡಕಿನದು. ಕಾಸರಗೋಡಿನವರ ಮನೆ ಕೇರಳದಲ್ಲಿ, ಚಿಕಿತ್ಸೆ ಮಂಗಳೂರಿನಲ್ಲಿ, ಮಗನ ಉದ್ಯೋಗ ಬೆಂಗಳೂರಿನಲ್ಲೋ ಕೊಲ್ಲಿ ದೇಶದಲ್ಲೋ. ತಾಳವಾಡಿಯವರ ನಂಟು ಚಾಮರಾಜನಗರದ ಕಡೆಗೆ. ಅಕ್ಕಲಕೋಟೆ, ಜತ್ತದವರ ನಂಟು ಕಲಬುರಗಿ, ವಿಜಯಪುರಗಳ ಕಡೆಗೆ. ಒಂದೇ ಕುಟುಂಬದ ಕಾಗದಪತ್ರಗಳು ಎರಡು ರಾಜ್ಯಗಳ ಕಚೇರಿಗಳಲ್ಲಿ ಹಂಚಿಹೋಗಿವೆ. ಹೀಗಿರುವಾಗ ಏನಾದರೂ ಕೆಡುಕಾದರೆ ಯಾವ ರಾಜ್ಯದಲ್ಲಿ ದೂರು ಕೊಡಬೇಕು, ಯಾವ ಭಾಷೆಯಲ್ಲಿ ಬರೆಯಬೇಕು ಎಂಬ ಸಂಶಯದಲ್ಲಿಯೇ ದಿನಗಳು ಕಳೆದುಹೋಗುತ್ತವೆ. ಮಲಯಾಳವೋ ತಮಿಳೋ ಮರಾಠಿಯೋ ಬರೆಯಲು ಬಾರದ ಹಿರಿಯರು 'ಹೋದದ್ದು ಹೋಯಿತು' ಎಂದು ಸುಮ್ಮನಾಗುತ್ತಾರೆ. ಆದರೆ ಈ ಬಗೆಯ ಕಳವಿನಲ್ಲಿ ಮೌನದಿಂದಾಗುವ ನಷ್ಟವೇ ಹೆಚ್ಚು. ಪರಿಹಾರದ ಹಾದಿಗಳೆಲ್ಲವೂ ದೂರು ಕೊಟ್ಟ ದಿನಾಂಕವನ್ನು ನೋಡುತ್ತವೆ ಎಂಬುದನ್ನು ಮುಂದೆ ಕಾಣುವೆವು.

ಸೋರಿದ್ದು ಯಾವುದು?

ಸೋರಿಕೆಯ ಸುದ್ದಿ ತಿಳಿದೊಡನೆ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಇದು. ಒಂದೊಂದು ವಿವರಕ್ಕೂ ಒಂದೊಂದು ಬಗೆಯ ಕಾವಲು ಬೇಕಾಗುತ್ತದೆ.

ಹೆಸರು, ವಿಳಾಸ, ದೂರವಾಣಿ ಸಂಖ್ಯೆ ಮಾತ್ರ ಸೋರಿದ್ದರೆ ಮುಂದೆ ಬರುವ ಕರೆಗಳ ಬಗ್ಗೆ ಜಾಗರೂಕರಾಗಿರಬೇಕು. ಕರೆ ಮಾಡಿದವನು ನಮ್ಮ ಹೆಸರು, ಪಾಲಿಸಿಯ ಸಂಖ್ಯೆ, ಕೊಂಡ ಸಾಮಾನು ಎಲ್ಲವನ್ನೂ ಸರಿಯಾಗಿ ಹೇಳಬಲ್ಲನು. ಅಷ್ಟರಿಂದಲೇ ಅವನು ಆ ಸಂಸ್ಥೆಯವನೆಂದು ನಂಬಲಾಗದು. ಕರೆಯನ್ನು ಕಡಿದು, ಪಾಸ್‌ಪುಸ್ತಕದಲ್ಲೋ ಕಾರ್ಡಿನ ಹಿಂಬದಿಯಲ್ಲೋ ಅಚ್ಚಾಗಿರುವ ಸಂಖ್ಯೆಗೆ ನಾವೇ ಕರೆ ಮಾಡಿ ವಿಚಾರಿಸುವುದು ಕ್ಷೇಮ.

ಗುಪ್ತಪದ, ಅಂದರೆ ಪಾಸ್‌ವರ್ಡ್, ಸೋರಿದ್ದರೆ ಅದನ್ನು ಒಡನೆಯೇ ಬದಲಿಸಬೇಕು. ಅದೇ ಪದವನ್ನು ಬೇರೆ ಕಡೆಗಳಲ್ಲಿ ಬಳಸಿದ್ದರೆ ಅಲ್ಲಿಯೂ ಬದಲಿಸಬೇಕು. ಒಂದೇ ಬೀಗದ ಕೈಯಿಂದ ಹತ್ತು ಕದ ತೆರೆಯುವಂತಿದ್ದರೆ ಕಳ್ಳನಿಗೆ ಒಂದು ಕೈ ಸಿಕ್ಕರೆ ಸಾಕು. ಕಾರ್ಡಿನ ಸಂಖ್ಯೆ ಸೋರಿದ್ದರೆ ಬ್ಯಾಂಕಿಗೆ ತಿಳಿಸಿ ಹಳೆಯ ಕಾರ್ಡನ್ನು ರದ್ದುಮಾಡಿಸಿ ಹೊಸದನ್ನು ಪಡೆಯಬೇಕು.

ಪಾನ್ ಕಾರ್ಡು ಅಥವಾ ಇತರ ಗುರುತಿನ ಚೀಟಿಯ ಪ್ರತಿ ಸೋರಿದ್ದರೆ ನಮ್ಮ ಹೆಸರಿನಲ್ಲಿ ಬೇರೆಯವರು ಸಾಲ ತೆಗೆಯುವ, ಸಿಮ್ ಕೊಳ್ಳುವ ಭಯವಿದೆ. ನಮ್ಮ ದೇಶದಲ್ಲಿ ಸಾಲದ ಚರಿತ್ರೆಯನ್ನು ದಾಖಲಿಸುವ ನಾಲ್ಕು ಸಂಸ್ಥೆಗಳಿವೆ: ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಕ್ರಿಫ್ ಹೈಮಾರ್ಕ್. ಇವುಗಳಲ್ಲಿ ಪ್ರತಿಯೊಂದರಿಂದಲೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಪಡೆಯುವ ಹಕ್ಕು ನಮಗಿದೆ. ಮೂರು ಮೂರು ತಿಂಗಳಿಗೆ ಒಂದೊಂದು ಸಂಸ್ಥೆಯಿಂದ ತರಿಸಿದರೆ ವರ್ಷವಿಡೀ ಕಾವಲಿಟ್ಟಂತಾಯಿತು. ಹಾಗೆಯೇ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ನಮ್ಮ ಹೆಸರಿನಲ್ಲಿ ಎಷ್ಟು ಮೊಬೈಲ್ ಸಂಪರ್ಕಗಳಿವೆ ಎಂಬುದನ್ನು ನೋಡಬಹುದು. ನಮ್ಮದಲ್ಲದ್ದನ್ನು ಅಲ್ಲಿಯೇ ತಿಳಿಸಬಹುದು.

ಹೆಬ್ಬೆಟ್ಟಿನ ಗುರುತು ಸೋರುವುದು ಎಲ್ಲಕ್ಕಿಂತ ಕಠಿಣವಾದುದು. ಗುಪ್ತಪದದಂತೆ ಬೆರಳನ್ನು ಬದಲಿಸಲಾಗುವುದಿಲ್ಲ. 2023ರಲ್ಲಿ ಬೆಂಗಳೂರಿನಲ್ಲಿ ಬೆಳಕಿಗೆ ಬಂದ ಪ್ರಕರಣಗಳು ಇದಕ್ಕೆ ಸಾಕ್ಷಿ. ಜಮೀನು ನೋಂದಣಿಯ 'ಕಾವೇರಿ' ಜಾಲತಾಣದಿಂದ ದಸ್ತಾವೇಜುಗಳ ಪ್ರತಿ ಇಳಿಸಿಕೊಂಡು, ಅದರಲ್ಲಿದ್ದ ಬೆರಳಚ್ಚಿನ ಅಚ್ಚು ತೆಗೆದು, ಆಧಾರ್ ಮೂಲಕ ಹಣ ತೆಗೆಯುವ ಯಂತ್ರದಲ್ಲಿ ಬಳಸಿದ ಆರೋಪದ ಮೇಲೆ ಪೊಲೀಸರು ಕೆಲವರನ್ನು ಬಂಧಿಸಿದರು. ಈ ಬಗೆಯ ಹಣ ತೆಗೆಯುವಿಕೆಗೆ ಓಟಿಪಿ ಬೇಕಿಲ್ಲ. ಒಮ್ಮೆಗೆ 10,000 ರೂ.ವರೆಗೆ ಹೋಗಬಹುದು. ಕರ್ನಾಟಕದಲ್ಲಿ ಆಸ್ತಿಯ ವ್ಯವಹಾರ ಮಾಡಿರುವ ಗಡಿನಾಡಿನವರು ಇದನ್ನು ವಿಶೇಷವಾಗಿ ಗಮನಿಸಬೇಕು. ಇದಕ್ಕೆ ಮದ್ದು ಸುಲಭ. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ನಮ್ಮ ಬೆರಳಚ್ಚಿಗೆ ಬೀಗ ಹಾಕಬಹುದು, ಬೇಕಾದಾಗ ತೆರೆಯಬಹುದು. ಆಧಾರಿಗೆ ನಮ್ಮ ಮೊಬೈಲ್ ಸಂಖ್ಯೆ ಜೋಡಣೆಯಾಗಿರುವುದು ಅಗತ್ಯ. ಪಡಿತರದ ಅಂಗಡಿಯಲ್ಲಿ ಬೆರಳು ಒತ್ತುವವರು ಹೋಗುವ ಮೊದಲು ಬೀಗ ತೆರೆಯಲು ಮರೆಯಬಾರದು. ಸಂಶಯವಿದ್ದರೆ 1947ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಕೇಳಬಹುದು.

ಇನ್ನು ರೋಗದ ವಿವರ ಸೋರಿದರೆ ಅದನ್ನು ಹಿಂದಕ್ಕೆ ಪಡೆಯುವ ಉಪಾಯವಿಲ್ಲ. ಅದನ್ನು ಹಿಡಿದು ಯಾರಾದರೂ ಹಣಕ್ಕಾಗಿ ಬೆದರಿಸಿದರೆ ಕೊಡಬಾರದು. ಒಮ್ಮೆ ಕೊಟ್ಟವರನ್ನು ಮತ್ತೆ ಕೇಳುವುದು ಇಂಥವರ ಸ್ವಭಾವ. ಮನೆಯವರಿಗೆ ತಿಳಿಸಿ ಪೊಲೀಸರಿಗೆ ದೂರು ಕೊಡುವುದೇ ಸರಿ.

ಹಣ ಹೋದರೆ ಮೊದಲ ಮೂರು ದಿನ

ಖಾತೆಯಿಂದ ಹಣ ಹೋದುದು ಕಂಡೊಡನೆ 1930 ಎಂಬ ಸಂಖ್ಯೆಗೆ ಕರೆ ಮಾಡಬೇಕು. ದೇಶದಾದ್ಯಂತ ಒಂದೇ ಸಂಖ್ಯೆ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟುತ್ತಾ ಹೋಗುವುದರಿಂದ, ಅದು ಕೈಗೆ ಸಿಗುವ ಮೊದಲೇ ತಡೆಯುವ ಸಾಧ್ಯತೆ ಮೊದಲ ಗಂಟೆಗಳಲ್ಲಿ ಹೆಚ್ಚು. ಅದರ ಬೆನ್ನಿಗೇ ಬ್ಯಾಂಕಿಗೆ ತಿಳಿಸಿ ದೂರಿನ ಸಂಖ್ಯೆಯನ್ನು ಪಡೆಯಬೇಕು. ಪೊಲೀಸ್ ಠಾಣೆಯ ವ್ಯಾಪ್ತಿಯ ಚಿಂತೆ ಬೇಡ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ, ಇಂಥ ಅಪರಾಧ ಎಲ್ಲಿಯೇ ನಡೆದಿರಲಿ, ಹತ್ತಿರದ ಠಾಣೆಯು ದೂರನ್ನು ದಾಖಲಿಸಿಕೊಳ್ಳತಕ್ಕದ್ದು. ಅದರ ಪ್ರತಿಯನ್ನು ಉಚಿತವಾಗಿ ಕೊಡತಕ್ಕದ್ದು.

ಬ್ಯಾಂಕಿನ ಹೊಣೆಯನ್ನು ಕುರಿತು ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆ ಬಹು ಮುಖ್ಯವಾದುದು. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕನದೂ ಅಲ್ಲ, ಬೇರೆಲ್ಲಿಯೋ ಆಗಿದೆ ಎನ್ನುವಾಗ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟ ಗ್ರಾಹಕನ ಹೊಣೆ ಸೊನ್ನೆ ಎಂದು ಅದು ವಿಧಿಸಿತು. ನಾಲ್ಕರಿಂದ ಏಳು ದಿನಗಳಾದರೆ ಗ್ರಾಹಕನು ಒಂದು ಮಿತಿಯವರೆಗೆ ನಷ್ಟ ಹೊರಬೇಕು. ಸಾಮಾನ್ಯ ಉಳಿತಾಯ ಖಾತೆಗೆ ಆ ಮಿತಿ 10,000 ರೂ. ಅದಕ್ಕೂ ತಡವಾದರೆ ಬ್ಯಾಂಕಿನ ಆಡಳಿತ ಮಂಡಳಿಯ ನೀತಿಯಂತೆ. ದೂರು ತಲುಪಿದ ಹತ್ತು ಕೆಲಸದ ದಿನಗಳೊಳಗೆ ಮೊತ್ತವನ್ನು ಖಾತೆಗೆ ತಾತ್ಕಾಲಿಕವಾಗಿ ಜಮಾ ಮಾಡಬೇಕು, 90 ದಿನಗಳೊಳಗೆ ತೀರ್ಮಾನಿಸಬೇಕು. ಗ್ರಾಹಕನದೇ ತಪ್ಪೆಂದು ಸಾಧಿಸುವ ಭಾರವೂ ಬ್ಯಾಂಕಿನದೇ. ಗ್ರಾಹಕನೇ ಓಟಿಪಿಯನ್ನು ಕೊಟ್ಟಿದ್ದರೆ ದೂರು ಕೊಡುವವರೆಗಿನ ನಷ್ಟ ಅವನದು. ಆದರೆ ದೂರಿನ ಬಳಿಕವೂ ಹಣ ಹೋದರೆ ಅದು ಬ್ಯಾಂಕಿನದು. ಅದೇ ವರ್ಷದ ಡಿಸೆಂಬರಿನಲ್ಲಿ ಸಹಕಾರಿ ಬ್ಯಾಂಕುಗಳಿಗೂ ಇಂಥ ನಿಯಮ ಬಂತು. ಇವು ಕಾಲಕಾಲಕ್ಕೆ ತಿದ್ದುಪಡಿಯಾಗುವುದರಿಂದ ಈಗಿನ ಮಿತಿಯನ್ನು ಬ್ಯಾಂಕಿನಲ್ಲಿ ಕೇಳಿ ತಿಳಿಯುವುದು ಒಳಿತು.

ಈ ನಿಯಮದ ಬಲವನ್ನು ಅಸ್ಸಾಮಿನ ಒಬ್ಬ ಗ್ರಾಹಕರ ಮೊಕದ್ದಮೆ ತೋರಿಸಿಕೊಟ್ಟಿತು. ಅವರು ಒಂದು ಉಡುಪಿನ ಕಂಪೆನಿಯಿಂದ ಅಂತರ್ಜಾಲದ ಮೂಲಕ ಕೊಂಡ ಉಡುಪನ್ನು ಹಿಂದಿರುಗಿಸಬೇಕೆಂದಿದ್ದರು. ಕಂಪೆನಿಯ ಜಾಲತಾಣದಿಂದ ಗ್ರಾಹಕರ ವಿವರಗಳು ಸೋರಿದ್ದುವು. 2021ರ ಅಕ್ಟೋಬರಿನಲ್ಲಿ ಕಂಪೆನಿಯ ಹೆಸರು ಹೇಳಿಕೊಂಡು ಕರೆ ಮಾಡಿದವನು ಮೊಬೈಲಿಗೆ ಒಂದು ಆ್ಯಪ್ ಹಾಕಿಸಿದನು, 94,204 ರೂ. 80 ಪೈಸೆ ಹೋಯಿತು. ಗ್ರಾಹಕರು 24 ಗಂಟೆಗಳೊಳಗೆ ಸ್ಟೇಟ್ ಬ್ಯಾಂಕಿಗೆ ತಿಳಿಸಿದ್ದರು. ಅವರ ಕಡೆಯ ಅಜಾಗರೂಕತೆ ಸಿದ್ಧವಾಗಿಲ್ಲವೆಂದು ಗುವಾಹಾಟಿ ಹೈಕೋರ್ಟು ಹಣ ಮರಳಿಸಲು ಹೇಳಿತು. 2025ರ ಜನವರಿ 3ರಂದು ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಗ್ರಾಹಕರೂ ಓಟಿಪಿಯನ್ನು ಯಾರೊಡನೆಯೂ ಹೇಳದೆ ಎಚ್ಚರದಿಂದಿರಬೇಕೆಂದು ನುಡಿಯಿತು. ಆ ಗ್ರಾಹಕರನ್ನು ಉಳಿಸಿದ್ದು ತಡಮಾಡದೆ ಕೊಟ್ಟ ದೂರು ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ಪರಿಹಾರದ ಬಾಗಿಲುಗಳು

ಬ್ಯಾಂಕು 30 ದಿನಗಳೊಳಗೆ ಉತ್ತರಿಸದಿದ್ದರೆ ಅಥವಾ ಸಮಾಧಾನಕರವಾಗಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಬಳಿಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ದೇಶದ ಎಲ್ಲ ಕಡೆಗಳಿಂದ ಅಂಚೆಯ ಮೂಲಕ ಬರುವ ದೂರುಗಳನ್ನು ಸ್ವೀಕರಿಸಲು ಚಂಡೀಗಢದಲ್ಲಿ ಒಂದೇ ಕೇಂದ್ರವನ್ನು 2021ರಲ್ಲಿ ಸ್ಥಾಪಿಸಿದಾಗ, ಯಾವ ಭಾಷೆಯಲ್ಲಿ ಬಂದ ದೂರನ್ನೂ ಅದು ಸ್ವೀಕರಿಸುವುದೆಂದು ರಿಸರ್ವ್ ಬ್ಯಾಂಕು ಪ್ರಕಟಿಸಿತು. ಆದ್ದರಿಂದ ಹೊಸೂರಿನವರಾಗಲಿ ಸೊಲ್ಲಾಪುರದವರಾಗಲಿ ಕನ್ನಡದಲ್ಲಿಯೇ ಬರೆಯಬಹುದು.

ಎರಡನೆಯ ಬಾಗಿಲು ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು, ಗ್ರಾಹಕನು ನಂಬಿಕೆಯಿಂದ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಕಾನೂನಿನ ಆಧಾರವಿಲ್ಲದೆ ಪರರಿಗೆ ತಿಳಿಸುವುದನ್ನು ಅನುಚಿತ ವ್ಯಾಪಾರ ಪದ್ಧತಿಗಳ ಸಾಲಿನಲ್ಲಿ ಸೇರಿಸಿದೆ. ಕಾವಲಿಡುವುದರಲ್ಲಿ ಸಂಸ್ಥೆ ತೋರಿದ ಅಲಕ್ಷ್ಯವನ್ನು ಸೇವೆಯ ನ್ಯೂನತೆ ಎಂದು ವಾದಿಸಲೂ ಎಡೆಯಿದೆ. ಗಡಿನಾಡಿನವರಿಗೆ ಇಲ್ಲಿ ಒಂದು ದೊಡ್ಡ ಅನುಕೂಲವಿದೆ: ಸಂಸ್ಥೆ ಎಲ್ಲಿಯೇ ಇರಲಿ, ದೂರುಗಾರನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಹೂಡಬಹುದು. ಮಂಗಳೂರಿನ ಆಸ್ಪತ್ರೆಯಿಂದ ವಿವರ ಸೋರಿದರೂ ಕಾಸರಗೋಡಿನವರು ಕಾಸರಗೋಡಿನಲ್ಲಿಯೇ ನ್ಯಾಯ ಕೇಳಬಹುದು. ಸರಕಿಗೋ ಸೇವೆಗೋ ಕೊಟ್ಟ ಮೊತ್ತ 5 ಲಕ್ಷ ರೂ. ಮೀರದಿದ್ದರೆ ಶುಲ್ಕವಿಲ್ಲ. ಎರಡು ವರ್ಷಗಳೊಳಗೆ ದೂರು ಸಲ್ಲಬೇಕು. ಒಂದೇ ಬಗೆಯಲ್ಲಿ ನೊಂದವರು ಹಲವರಿದ್ದರೆ ಆಯೋಗದ ಅನುಮತಿ ಪಡೆದು ಎಲ್ಲರ ಪರವಾಗಿ ಒಬ್ಬರು ದೂರು ಹೂಡಲೂಬಹುದು. 1915 ಎಂಬ ಗ್ರಾಹಕ ಸಹಾಯವಾಣಿಯಲ್ಲಿ ಕನ್ನಡದಲ್ಲಿ ಸಲಹೆ ದೊರೆಯುತ್ತದೆ.

ಮೂರನೆಯದು, ಬಹುಮಂದಿಗೆ ತಿಳಿಯದ ಬಾಗಿಲು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ವಿಧಿಯು, ಗುಪ್ತಪದ, ಹಣಕಾಸು, ಆರೋಗ್ಯ, ಬೆರಳಚ್ಚು ಮೊದಲಾದ ಸೂಕ್ಷ್ಮ ವಿವರಗಳನ್ನು ಕಾಯುವಲ್ಲಿ ಅಲಕ್ಷ್ಯ ತೋರಿದ ಕಂಪೆನಿಯು ಅದರಿಂದ ನಷ್ಟಕ್ಕೊಳಗಾದವರಿಗೆ ಪರಿಹಾರ ಕೊಡಬೇಕೆನ್ನುತ್ತದೆ. ಬರಿಯ ಹೆಸರು, ಫೋನ್ ಸಂಖ್ಯೆ ಸೋರಿದ್ದಕ್ಕೆ ಇದು ಅನ್ವಯಿಸದು. ನಷ್ಟವನ್ನು ತೋರಿಸಿಕೊಡುವುದೂ ಅಗತ್ಯ. ಇದನ್ನು ವಿಚಾರಿಸುವವರು ಆಯಾ ರಾಜ್ಯದ ಮಾಹಿತಿ ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿಗಳು. 5 ಕೋಟಿ ರೂ.ವರೆಗಿನ ಕೇಳಿಕೆಗಳನ್ನು ಅವರು ತೀರ್ಮಾನಿಸಬಹುದು. ಈ ಅಧಿಕಾರಿಗಳ ಪೀಠ ಬರಿಯ ಕಾಗದದ ಮೇಲಿನದಲ್ಲ. ಇದೇ ಕಾಯ್ದೆಯ ಅಡಿಯಲ್ಲಿ 2010ರಲ್ಲಿ ತಮಿಳುನಾಡಿನ ಅಧಿಕಾರಿಯು, ತೂತ್ತುಕುಡಿಯ ಒಬ್ಬ ಗ್ರಾಹಕರಿಗೆ ಬ್ಯಾಂಕು 12.85 ಲಕ್ಷ ರೂ. ಕೊಡಬೇಕೆಂದು ಆಜ್ಞಾಪಿಸಿದರು; 2013ರಲ್ಲಿ ಮಹಾರಾಷ್ಟ್ರದ ಅಧಿಕಾರಿಯು ಪುಣೆಯ ಒಂದು ಉದ್ಯಮಕ್ಕೆ 45 ಲಕ್ಷ ರೂ. ಕೊಡಿಸುವ ಆಜ್ಞೆಯಿತ್ತರು.

ನಾಲ್ಕನೆಯದು ಚಿಕ್ಕದಾದರೂ ಖಚಿತವಾದುದು. ನಮ್ಮ ಸಾಲದ ಚರಿತ್ರೆಯಲ್ಲಿ ನಾವು ತೆಗೆಯದ ಸಾಲ ಕಂಡುಬಂದು, ದೂರು ಕೊಟ್ಟು 30 ದಿನಗಳಾದರೂ ಅದನ್ನು ಬಗೆಹರಿಸದಿದ್ದರೆ, ಆಮೇಲಿನ ಪ್ರತಿ ದಿನಕ್ಕೂ 100 ರೂ. ಪರಿಹಾರ ಸಲ್ಲಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2024ರ ಏಪ್ರಿಲಿನಲ್ಲಿ ಜಾರಿಗೆ ಬಂದಿದೆ.

ಹೊಸ ಕಾಯ್ದೆಯಲ್ಲಿ ಕೊಟ್ಟದ್ದು, ಕಳೆದದ್ದು

ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿತು. ಆ ಮೊಕದ್ದಮೆಯನ್ನು 2012ರಲ್ಲಿ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ಕನ್ನಡಿಗರೆಲ್ಲರಿಗೂ ಅಭಿಮಾನದ ಸಂಗತಿ. ಆ ತೀರ್ಪಿನ ಬಳಿಕ ರೂಪುಗೊಂಡದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದುವು. ಮುಖ್ಯ ವಿಧಿಗಳು ಅಲ್ಲಿಂದ 18 ತಿಂಗಳ ಬಳಿಕ, ಅಂದರೆ 2027ರ ಮೇ ತಿಂಗಳಲ್ಲಿ, ಜಾರಿಗೆ ಬರಬೇಕೆಂದು ಗೊತ್ತುಮಾಡಲಾಗಿದೆ.

ಇದರಲ್ಲಿ ಒಳ್ಳೆಯ ಅಂಶಗಳಿವೆ. ಸೋರಿಕೆಯಾದರೆ ಸಂಸ್ಥೆಯು ವಿಳಂಬವಿಲ್ಲದೆ ಪ್ರತಿಯೊಬ್ಬ ಬಾಧಿತರಿಗೂ ತಿಳಿಸಬೇಕು; ದತ್ತಾಂಶ ಸಂರಕ್ಷಣಾ ಮಂಡಳಿಗೆ 72 ಗಂಟೆಗಳೊಳಗೆ ವಿವರವಾದ ವರದಿ ಕೊಡಬೇಕು. ಕಾವಲಿನಲ್ಲಿ ಲೋಪವಾದರೆ 250 ಕೋಟಿ ರೂ.ವರೆಗೂ ದಂಡವಿದೆ. ನಮ್ಮ ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಅವಕಾಶ ಕೊಡಬೇಕು. ಈ ಹಕ್ಕು ರಾಜ್ಯದ ಗಡಿಯನ್ನು ನೋಡುವುದಿಲ್ಲ. ಕನ್ನಡವು ಆ ಅನುಸೂಚಿಯಲ್ಲಿರುವುದರಿಂದ ಮಡಕಶಿರಾದ ರೈತನೂ ಗೋವೆಯ ಕೂಲಿಕಾರನೂ ಕನ್ನಡದ ಸೂಚನೆಯನ್ನು ಕೇಳಬಹುದು.

ಆದರೆ ಒಂದು ಮಾತನ್ನು ಮರೆಯುವಂತಿಲ್ಲ. ಆ ದಂಡದ ಹಣ ಸೇರುವುದು ಭಾರತದ ಸಂಚಿತ ನಿಧಿಗೆ. ನೊಂದವರ ಕೈಗೆ ಒಂದು ಕಾಸೂ ಬರುವುದಿಲ್ಲ. ಮಾತ್ರವಲ್ಲ, ಮೇಲೆ ಹೇಳಿದ 43ಎ ವಿಧಿಯನ್ನು ಈ ಹೊಸ ಕಾಯ್ದೆಯೇ ತೆಗೆದುಹಾಕುತ್ತದೆ. ಅದೂ ಆ 18 ತಿಂಗಳು ತುಂಬಿದಾಗಲೇ. ಅಂದರೆ ಸೋರಿಕೆಯಿಂದ ನಿಜವಾದ ನಷ್ಟವನ್ನು ಉಂಡವರು ಆ ಬಾಗಿಲು ಮುಚ್ಚುವ ಮೊದಲು, ತಡಮಾಡದೆ, ಬಲ್ಲ ವಕೀಲರೊಡನೆ ಆಲೋಚಿಸುವುದು ಅಗತ್ಯ. ಕಂಪೆನಿಗೆ ದಂಡ ಹಾಕುವುದು ನ್ಯಾಯವೇ. ಕಳಕೊಂಡವನಿಗೆ ಏನನ್ನೂ ಕೊಡದಿರುವುದು ನ್ಯಾಯದ ಅರ್ಧಭಾಗ ಮಾತ್ರವೆಂದು ನಮಗೆ ತೋರುತ್ತದೆ. ಗಡಿನಾಡಿನ ಸಂಘಗಳೂ ಜನಪ್ರತಿನಿಧಿಗಳೂ ಈ ಪ್ರಶ್ನೆಯನ್ನು ಎತ್ತಬೇಕು.

ದೂರಿನ ಕಾಗದ

ಯಾವ ಬಾಗಿಲು ತಟ್ಟುವುದಿದ್ದರೂ ಕೈಯಲ್ಲಿ ಬೇಕಾದುದು ಕಾಗದ. ದೂರಿನಲ್ಲಿ ಐದು ಸಂಗತಿಗಳಿರಲಿ: ಯಾವ ವಿವರವನ್ನು ಯಾವಾಗ ಆ ಸಂಸ್ಥೆಗೆ ಕೊಟ್ಟೆವು, ಸೋರಿಕೆ ನಮಗೆ ಯಾವ ದಿನ, ಹೇಗೆ ತಿಳಿಯಿತು, ಏನು ನಷ್ಟವಾಯಿತು, ಯಾರಿಗೆ ಯಾವ ಹೊತ್ತಿಗೆ ತಿಳಿಸಿದೆವು, ದೂರಿನ ಸಂಖ್ಯೆ ಏನು, ನಾವು ಏನನ್ನು ಬೇಡುತ್ತೇವೆ. ಬಂದ ಸಂದೇಶಗಳನ್ನು ಅಳಿಸದೆ ಅವುಗಳ ಚಿತ್ರ ತೆಗೆದಿಡಬೇಕು. ಕಾಗದವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಶೀದಿಯನ್ನು ಜೋಪಾನ ಮಾಡಬೇಕು. ಕೈಯಾರೆ ಕೊಟ್ಟರೆ ಪ್ರತಿಯ ಮೇಲೆ ಮೊಹರು ಹಾಕಿಸಬೇಕು.

ಭಾಷೆಯ ಅಳುಕು ಬೇಡ. ಕುಂದುಕೊರತೆಯ ನಿವಾರಣೆಗಾಗಿ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಆ ಕೇಂದ್ರದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಪ್ರತಿಯೊಬ್ಬನಿಗೂ ಕೊಟ್ಟಿದೆ. ಕನ್ನಡದ ಕಾಗದದೊಡನೆ ಇಂಗ್ಲಿಷಿನ ಒಂದು ಅನುವಾದವನ್ನೂ ಲಗತ್ತಿಸಿದರೆ ಕೆಲಸ ಬೇಗ ಸಾಗೀತು; ಆದರೆ ಅನುವಾದ ಸಿಗಲಿಲ್ಲವೆಂದು ದೂರನ್ನೇ ತಡೆಹಿಡಿಯಬಾರದು.

ಇನ್ನೊಂದು ಎಚ್ಚರಿಕೆ. ಸೋರಿಕೆಯ ಸುದ್ದಿ ಹಬ್ಬಿದಾಗ 'ನಿಮಗೆ ಪರಿಹಾರ ಮಂಜೂರಾಗಿದೆ, ಶುಲ್ಕ ಕಟ್ಟಿರಿ' ಎಂದು ಕರೆ ಮಾಡುವವರೂ ಹುಟ್ಟಿಕೊಳ್ಳುತ್ತಾರೆ. ಪರಿಹಾರ ಕೊಡುವ ಯಾವ ಕಚೇರಿಯೂ ಫೋನಿನಲ್ಲಿ ಓಟಿಪಿ ಕೇಳುವುದಿಲ್ಲ. ಅದು ಎರಡನೆಯ ಕಳವಿನ ಪೀಠಿಕೆ.

ಮನೆಯಲ್ಲಿ ಮೊಬೈಲನ್ನು ಬಲ್ಲವರು ಸಾಮಾನ್ಯವಾಗಿ ಕಿರಿಯರು. ಖಾತೆಯಲ್ಲಿ ಪಿಂಚಣಿಯನ್ನೋ ಅಡಿಕೆಯ ಹಣವನ್ನೋ ಇಟ್ಟವರು ಹಿರಿಯರು. ಈ ಲೇಖನವನ್ನು ಕಿರಿಯರು ಹಿರಿಯರಿಗೆ ಓದಿಹೇಳಲಿ. 1930, ಬ್ಯಾಂಕಿನ ಸಂಖ್ಯೆ, 1947, 1915 ಇವನ್ನು ದಪ್ಪ ಅಕ್ಷರಗಳಲ್ಲಿ ಬರೆದು ಗೋಡೆಯ ಕ್ಯಾಲೆಂಡರಿನ ಪಕ್ಕದಲ್ಲಿ ಅಂಟಿಸಲಿ. ಬೆರಳಚ್ಚಿಗೆ ಬೀಗ ಹಾಕುವ ಕೆಲಸವನ್ನು ಈ ಭಾನುವಾರವೇ ಮುಗಿಸಲಿ. ಮೋಸಹೋದವರನ್ನು ಮನೆಯವರು ಹಳಿಯಬಾರದು. ಬೈಗುಳಿಗೆ ಹೆದರಿ ಬಚ್ಚಿಟ್ಟ ಎರಡು ದಿನಗಳೇ ಆ ಮೂರು ದಿನಗಳ ಅವಧಿಯನ್ನು ನುಂಗಿಬಿಡುತ್ತವೆ.